ಉಣುಗಿನ ಹಸಿವೂ ವ್ರತಿಯ ಉಪವಾಸವೂ



ನಮ್ಮ ವ್ರತಗಳಲ್ಲಿ ಹೆಚ್ಚಿನವು ಮಳೆಗಾಲದಲ್ಲಿಯೇ ಬರುತ್ತವೆ. ಷೋಡಶಕಾರಣ, ದಶಲಕ್ಷಣ, ಅನಂತ ಚತುರ್ದಶಿ, ಇವೆಲ್ಲವೂ ಭಾದ್ರಪದ ಮಾಸದ ಆಸುಪಾಸಿನಲ್ಲಿ ನಡೆಯತಕ್ಕವು. ನೆಲವೆಲ್ಲ ಜೀವಮಯವಾಗಿ, ಗಾಳಿಯಲ್ಲಿ ಸೊಳ್ಳೆಗಳು ತುಂಬಿರುವ ಕಾಲವೂ ಅದೇ. ಸಾಮಾಯಿಕಕ್ಕೆ ಕುಳಿತ ಶ್ರಾವಕನ ತೋಳಿನ ಮೇಲೆ ಸೊಳ್ಳೆ ಬಂದು ಕುಳಿತರೆ ಅವನೇನು ಮಾಡಬೇಕು ಎಂಬ ಪ್ರಶ್ನೆ ಹಳೆಯದು. ಆ ಸೊಳ್ಳೆ ಅವನಿಗೊಬ್ಬನಿಗಲ್ಲದೆ ಪಕ್ಕದಲ್ಲಿ ಮಲಗಿದ ಮೊಮ್ಮಗುವಿಗೂ ರೋಗವನ್ನು ತರಬಲ್ಲದು ಎಂದು ತಿಳಿದ ಮೇಲೆ ಪ್ರಶ್ನೆ ಇನ್ನಷ್ಟು ಕಠಿನವಾಗುತ್ತದೆ. ರಕ್ತ ಹೀರುವ ಕ್ರಿಮಿ ಅಪರಾಧಿಯೇ? ಅಲ್ಲವಾದರೆ ಅದನ್ನು ಕೊಲ್ಲುವ ಹಕ್ಕು ನಮಗೆಲ್ಲಿಂದ ಬಂತು? ಕೊಲ್ಲಬಾರದೆಂದರೆ ಮಗುವಿನ ಗತಿಯೇನು? ಉತ್ತರ ಹುಡುಕುವ ಮುನ್ನ ಆ ಜೀವಿಯ ದೇಹವ್ಯಾಪಾರವನ್ನು ಸ್ವಲ್ಪ ಅರಿಯುವುದು ಯುಕ್ತ. ಅರಿಯದ ಜೀವಿಯ ಮೇಲಿನ ದಯೆಯೂ ದ್ವೇಷವೂ ಒಂದೇ ಬಗೆಯ ಕುರುಡು.

ರಕ್ತವು ಶರೀರದಿಂದ ಹೊರಬಿದ್ದೊಡನೆ ಹೆಪ್ಪುಗಟ್ಟುವುದು ಸಹಜ ಧರ್ಮ. ಎಲ್ಲಿ ನಾಳ ಹರಿಯಿತೋ ಅಲ್ಲಿನ ಕೋಶಗಳಿಂದ ಏಡಿಪಿ ಎಂಬ ದ್ರವ್ಯ ಸೋರುತ್ತದೆ. ಅದನ್ನು ಕಂಡೊಡನೆ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಾಯದ ಬಾಯನ್ನು ಮುಚ್ಚುತ್ತವೆ. ಹೀಗಿರುವಾಗ ಕೂದಲಿಗಿಂತ ಸೂಕ್ಷ್ಮವಾದ ಕೊಳವೆಯ ಮೂಲಕ ಸೊಳ್ಳೆ ಹೇಗೆ ರಕ್ತ ಕುಡಿಯುತ್ತದೆ? ಅದರ ಜೊಲ್ಲಿನಲ್ಲಿ ಕಿಣ್ವಗಳಿವೆ. ಕಿಣ್ವವೆಂದರೆ ಜೀವದೇಹದಲ್ಲಿ ರಾಸಾಯನಿಕ ಕ್ರಿಯೆಗಳನ್ನು ಶೀಘ್ರವಾಗಿ ನಡೆಯಿಸಿ, ತಾನು ಮಾತ್ರ ವ್ಯಯವಾಗದೆ ಉಳಿಯುವ ಪದಾರ್ಥ, ಹೆಚ್ಚಿನವು ಪ್ರೋಟೀನುಗಳು. ಬಾಯಲ್ಲಿ ಅಗಿದ ಅನ್ನ ಕ್ರಮೇಣ ಸಿಹಿಯಾಗುವುದೂ ನಮ್ಮ ಜೊಲ್ಲಿನ ಕಿಣ್ವದಿಂದಲೇ. ಸೊಳ್ಳೆಯ ಜೊಲ್ಲಿನಲ್ಲಿರುವ ಅಪೈರೇಸ್ ಎಂಬ ಕಿಣ್ವವು ಆ ಏಡಿಪಿಯನ್ನೇ ಒಡೆದು ಹಾಕುತ್ತದೆ. ಕರೆಯುವ ದನಿಯೇ ಅಡಗಿದ ಮೇಲೆ ಪ್ಲೇಟ್‌ಲೆಟ್‌ಗಳು ಕೂಡುವುದಿಲ್ಲ. ರಕ್ತ ತೆಳುವಾಗಿ ಹರಿಯುತ್ತಲೇ ಇರುತ್ತದೆ. ನಮಗಾಗುವ ತುರಿಕೆ ಆ ಜೊಲ್ಲಿಗೆ ನಮ್ಮ ಶರೀರ ತೋರುವ ಪ್ರತಿಕ್ರಿಯೆ.

ರಕ್ತ ಕುಡಿಯುವುದು ಹೆಣ್ಣು ಸೊಳ್ಳೆ ಮಾತ್ರ. ಗಂಡು ಹೂವಿನ ಮಕರಂದದಿಂದಲೂ ಸಸ್ಯರಸದಿಂದಲೂ ಬದುಕುತ್ತದೆ. ಹೆಣ್ಣಿಗೂ ತನ್ನ ಹಾರಾಟಕ್ಕೆ ಸಸ್ಯರಸವೇ ಸಾಕು; ರಕ್ತ ಬೇಕಾಗಿರುವುದು ಮೊಟ್ಟೆಗಳಿಗಾಗಿ. ತನ್ನ ತೂಕದಷ್ಟೇ, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಅದು ಒಂದೇ ಸಲಕ್ಕೆ ಕುಡಿಯುತ್ತದೆ. ರಕ್ತದ ನೀರನ್ನು ಕಳೆದರೆ ಉಳಿಯುವುದರಲ್ಲಿ 100ಕ್ಕೆ 80 ಪಾಲಿಗಿಂತ ಹೆಚ್ಚು ಪ್ರೋಟೀನು. ಟ್ರಿಪ್ಸಿನ್ ಮೊದಲಾದ ಕಿಣ್ವಗಳು ಎರಡು ಮೂರು ದಿನಗಳಲ್ಲಿ ಅದನ್ನು ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಅವುಗಳಿಂದ ಮೊಟ್ಟೆಗಳು ಕಟ್ಟಲ್ಪಡುತ್ತವೆ. ನಮ್ಮ ಜಠರದ ಕೆಳಗಿನ ಕರುಳಿನಲ್ಲಿ ಕೆಲಸ ಮಾಡುವುದೂ ಟ್ರಿಪ್ಸಿನ್ನೇ ಎಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಉಣುಗಿನ ರೀತಿ ಬೇರೆ. ಕೆಲವು ಕಡೆ ಉಣ್ಣೆ ಎಂದೂ ಕರೆಯುವ ಈ ಜೀವಿ ಕೀಟವಲ್ಲ. ಎಂಟು ಕಾಲಿನದು, ಜೇಡನ ಬಳಗದ್ದು. ನಮ್ಮ ಮಲೆನಾಡಿನ ಕಾಡಿನ ಉಣುಗು ತನ್ನ ಇಡೀ ಜೀವಮಾನದಲ್ಲಿ ಮೂರೇ ಸಲ ಉಣ್ಣುತ್ತದೆ: ಆರು ಕಾಲಿನ ಮರಿಯಾಗಿದ್ದಾಗ ಒಮ್ಮೆ, ಎಂಟು ಕಾಲಿನ ಎಳೆಯದಾಗಿದ್ದಾಗ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಪ್ರತಿ ಊಟಕ್ಕೂ ಬೇರೊಂದು ಪ್ರಾಣಿ. ಊಟವಾದ ಮೇಲೆ ಕೆಳಗುದುರಿ, ಪೊರೆ ಕಳಚಿ, ಹುಲ್ಲಿನ ತುದಿಯಲ್ಲೋ ತರಗೆಲೆಯ ಮೇಲೋ ಮುಂಗಾಲುಗಳನ್ನು ಚಾಚಿ ಕಾಯುತ್ತದೆ. ಮುಂದಿನ ಊಟ ಬರಲು ವಾರಗಳಾಗಬಹುದು, ತಿಂಗಳುಗಳಾಗಬಹುದು. ಕೊನೆಯ ಊಟವಾದ ಹೆಣ್ಣು ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ.

ಈ ದೀರ್ಘ ನಿರಾಹಾರ ಸಾಧ್ಯವಾಗುವುದಕ್ಕೂ ಕಿಣ್ವಗಳ ನೆರವಿದೆ. ಸೊಳ್ಳೆಯ ಕರುಳಿನ ಪೊಳ್ಳಿನಲ್ಲಿ ಪಚನ ಬೇಗ ನಡೆದು ಮುಗಿಯುತ್ತದೆ. ಉಣುಗಿನ ಕರುಳಿನ ಗೋಡೆಯ ಕೋಶಗಳಾದರೋ ರಕ್ತದ ಹನಿಗಳನ್ನು ತಮ್ಮೊಳಕ್ಕೇ ಎಳೆದುಕೊಂಡು, ಕೆಥೆಪ್ಸಿನ್ ಎಂಬ ಕಿಣ್ವಗಳಿಂದ ಹುಳಿಯಾದ ಒಳಾವರಣದಲ್ಲಿ ನಿಧಾನವಾಗಿ ಜೀರ್ಣಿಸುತ್ತವೆ. ಕಣಜದಿಂದ ದಿನಕ್ಕೊಂದು ಸೇರು ತೆಗೆದಂತೆ ಆ ಕೂಡಿಟ್ಟ ರಕ್ತ ಒದಗುತ್ತ ಹೋಗುತ್ತದೆ. ಆಫ್ರಿಕಾದ ಒಂದು ಜಾತಿಯ ಮೃದುಕಾಯದ ಉಣುಗುಗಳನ್ನು 1976ರಿಂದ ಪ್ರಯೋಗಶಾಲೆಯಲ್ಲಿ ಸಾಕಿ ನೋಡಲಾಗಿ, ಅವು ಎಂಟು ವರ್ಷ ಆಹಾರವಿಲ್ಲದೆ ಜೀವಿಸಿದ್ದವೆಂದು 2022ರಲ್ಲಿ ಪ್ರಕಟವಾಯಿತು.

ಎಂಟು ವರ್ಷ! ನಮ್ಮಲ್ಲಿ ಎಂಟು ದಿನದ ಉಪವಾಸ ಮಾಡಿದವರಿಗೆ ಬಸದಿಯಲ್ಲಿ ಸನ್ಮಾನವಾಗುತ್ತದೆ. ಹಾಗಾದರೆ ಉಣುಗು ಮಹಾತಪಸ್ವಿಯೇ ಎಂದು ಬಾಲಕನೊಬ್ಬ ಕೇಳಿದರೆ ಅದನ್ನು ನಗೆಯ ಮಾತೆಂದು ತಳ್ಳಬಾರದು. ಉತ್ತರ ಕೊಡಲು ಹೊರಟಾಗಲೇ ಉಪವಾಸದ ಅರ್ಥ ನಮಗೂ ಸ್ಪಷ್ಟವಾಗುವುದು. ಉಣುಗು ಆಹಾರವನ್ನು ಬಿಟ್ಟಿಲ್ಲ. ಆಹಾರ ಅದಕ್ಕೆ ಸಿಕ್ಕಿಲ್ಲ. ಎಂಟು ವರ್ಷವೂ ಅದರ ಮುಂಗಾಲುಗಳು ಚಾಚಿಯೇ ಇರುತ್ತವೆ. ಆಹಾರಸಂಜ್ಞೆ ಒಂದು ಕ್ಷಣವೂ ಅಡಗಿರುವುದಿಲ್ಲ. ಅನ್ನ ಮುಂದಿದ್ದೂ, ಹಸಿವು ಇದ್ದೂ, ಆತ್ಮದ ಸಮೀಪದಲ್ಲಿ ವಾಸಿಸುವುದಕ್ಕಾಗಿ ಸಂಕಲ್ಪಪೂರ್ವಕ ಕೈ ಹಿಂತೆಗೆಯುವುದೇ ಉಪವಾಸ. ದಿನಗಳ ಎಣಿಕೆಯೇ ತಪಸ್ಸಾಗಿದ್ದರೆ ಉಣುಗು ನಮ್ಮೆಲ್ಲರನ್ನೂ ಮೀರಿಸುತ್ತಿತ್ತು. ಎಷ್ಟು ದಿನ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಅಭ್ಯಾಸವಿರುವ ನಾವು ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ದಾರಿದ್ರ್ಯದಿಂದ ಹಸಿದವನಿಗೂ ಇದೇ ಮಾತು ಸಲ್ಲುತ್ತದೆ. ಅವನ ಹಸಿವನ್ನು ತಪಸ್ಸೆಂದು ಹೊಗಳಕೂಡದು, ಅವನಿಗೆ ಅನ್ನವಿಕ್ಕಬೇಕು.

ಇನ್ನು ರೋಗದ ವಿಚಾರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಹಿಂದೆಯೇ ಮನುಷ್ಯರಿಗೂ ಘೋರ ಜ್ವರ ಬಂದಿತು. ಜನ ಅದನ್ನು ಮಂಗನ ಕಾಯಿಲೆ ಎಂದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅದರ ವೈರಸ್ಸನ್ನು ಗುರುತಿಸಿ, ಕಾಡಿನ ಉಣುಗು ಅದರ ವಾಹಕವೆಂದು ತೋರಿಸಿದರು. ಸೋಂಕು ತಗಲಿದವರಲ್ಲಿ 100ಕ್ಕೆ ಮೂರರಿಂದ ಐದು ಮಂದಿ ಸಾಯುವ ರೋಗವಿದು. ನಮ್ಮ ಪೂಜ್ಯ ಕ್ಷೇತ್ರವಾದ ಹೊಂಬುಜವಿರುವ ಹೊಸನಗರ ತಾಲ್ಲೂಕು, ಪಕ್ಕದ ಸಾಗರ, ತೀರ್ಥಹಳ್ಳಿಗಳೂ ಈ ರೋಗವನ್ನು ಕಂಡಿವೆ. ಸಾಗರ ತಾಲ್ಲೂಕಿನ ಅರಳಗೋಡಿನ ಜನ 2018-19ರಲ್ಲಿ ಪಟ್ಟ ಪಾಡು ಇನ್ನೂ ಮರೆತುಹೋಗಿಲ್ಲ.

ಈಗ ಯೋಚಿಸಿರಿ. ಮರಿಯಾಗಿದ್ದಾಗ ಮಂಗನ ರಕ್ತ ಕುಡಿದ ಉಣುಗಿನೊಳಗೆ ವೈರಸ್ಸು ಸೇರುತ್ತದೆ. ಪೊರೆ ಕಳಚಿದರೂ ಉಳಿಯುತ್ತದೆ. ಮುಂದಿನ ಊಟದಲ್ಲಿ ಜೊಲ್ಲಿನೊಡನೆ ಸೊಪ್ಪು ತರಲು ಬೆಟ್ಟಕ್ಕೆ ಹೋದ ಹೆಂಗಸಿನ ರಕ್ತಕ್ಕೆ ಇಳಿಯುತ್ತದೆ. ಉಣುಗಿಗೆ ಇದರಿಂದ ಲಾಭವೇನು? ಏನೂ ಇಲ್ಲ. ಮಲೇರಿಯದ ಕಥೆ ಇನ್ನೂ ವಿಚಿತ್ರ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯದ ರೋಗಾಣುವನ್ನು ಕಂಡರು. ರಕ್ತ ಕುಡಿದ ಸೊಳ್ಳೆ ತನ್ನ ಕರುಳನ್ನು ರಕ್ಷಿಸಲು ರಕ್ತದ ಮುದ್ದೆಯ ಸುತ್ತ ಕೈಟಿನ್ ಇರುವ ಪೊರೆಯೊಂದನ್ನು ಕಟ್ಟುತ್ತದೆ. ರೋಗಾಣು ಆ ಪೊರೆಯನ್ನು ಕೈಟಿನೇಸ್ ಎಂಬ ಕಿಣ್ವದಿಂದ ಕೊರೆದು ಹೊರಬರುತ್ತದೆ. ಕೋಳಿಗಳ ಮಲೇರಿಯದ ರೋಗಾಣುವಿನಲ್ಲಿ ಆ ಕಿಣ್ವ ಮೊದಲು ನಿಷ್ಕ್ರಿಯ ರೂಪದಲ್ಲಿದ್ದು, ಸೊಳ್ಳೆಯ ಸ್ವಂತ ಟ್ರಿಪ್ಸಿನ್ನೇ ಅದನ್ನು ಕ್ರಿಯಾಶೀಲಗೊಳಿಸುತ್ತದೆಂದು 1993ರಲ್ಲಿ ತಿಳಿದುಬಂದಿತು. ಮನೆಯೊಡತಿಯ ಬೀಗದ ಕೈಯಿಂದಲೇ ಕಳ್ಳನು ಬಾಗಿಲು ತೆಗೆದಂತಾಯಿತು. ಪ್ಲೇಗಿನ ಚಿಗಟದ ಗತಿಯೂ ಇಂಥದೇ. ರೋಗಾಣುಗಳು ಅದರ ಜಠರದ ಬಾಯಲ್ಲಿ ಗಂಟಾಗಿ ಬೆಳೆದು ದಾರಿ ಕಟ್ಟಿಬಿಡುತ್ತವೆ. ಕುಡಿದ ರಕ್ತ ಒಳಗಿಳಿಯದೆ ಹಸಿವು ಹೆಚ್ಚಿ ಚಿಗಟ ಮೇಲಿಂದ ಮೇಲೆ ಕಚ್ಚುತ್ತದೆ. ಪ್ರತಿ ಸಲವೂ ರೋಗಾಣು ಬೆರೆತ ರಕ್ತ ಗಾಯಕ್ಕೆ ಮರಳುತ್ತದೆ. ಊರಿಗೆ ಮಾರಿಯಾಗಿ ಕಂಡ ಆ ಪ್ರಾಣಿ ತಾನು ಹಸಿದು ಸಾಯುತ್ತಿರುತ್ತದೆ.

ಆದುದರಿಂದ ಕ್ರೂರಿ, ವೈರಿ ಎಂಬ ಮಾತುಗಳು ಇವುಗಳಿಗೆ ಹೊಂದುವುದಿಲ್ಲ. ಇಲ್ಲಿ ಆಗಮಜ್ಞರು ಶಂಕಿಸಬಹುದು: “ವಿಕಲೇಂದ್ರಿಯ ಜೀವಿಗಳಿಗೂ ಕಷಾಯವುಂಟು, ಅವಿರತಿಯುಂಟು, ಕರ್ಮಬಂಧವುಂಟು. ಅವು ನಿರ್ದೋಷಿಗಳೆಂದು ಹೇಳುವುದು ಹೇಗೆ?” ಶಂಕೆ ಸರಿಯಾದುದೇ. ಉಣುಗು ಮೂರು ಇಂದ್ರಿಯಗಳ ಜೀವಿ, ಸೊಳ್ಳೆ ನಾಲ್ಕು ಇಂದ್ರಿಯಗಳದು. ಅವುಗಳ ಬಂಧ ಅವುಗಳಿಗಿದೆ. ಆದರೆ ಮನಸ್ಸಿಲ್ಲದ ಅವು ಹಿತಾಹಿತಗಳ ಉಪದೇಶವನ್ನು ಗ್ರಹಿಸಲಾರವು, ವ್ರತ ತೊಡಲಾರವು. ದಂಡಿಸಲು ಯೋಗ್ಯವಾದ ಅಪರಾಧಕ್ಕೆ ಬೇರೆ ರೀತಿ ನಡೆಯುವ ಶಕ್ತಿ ಇರಬೇಕು. ಅದು ಅವಕ್ಕಿಲ್ಲ, ನಮಗಿದೆ. ಹೀಗಾಗಿ ಈ ಪ್ರಶ್ನೆಯ ನೈತಿಕ ಭಾರವೆಲ್ಲ ನಮ್ಮ ಹೆಗಲಿಗೇ ಬರುತ್ತದೆ.

ಮಹಾವ್ರತಿಗಳಾದ ಮುನಿಗಳಿಗೆ ದಾರಿ ಸ್ಪಷ್ಟ. ಇಪ್ಪತ್ತೆರಡು ಪರೀಷಹಗಳಲ್ಲಿ ದಂಶಮಶಕ ಪರೀಷಹವೂ ಒಂದು; ಅವರು ಅದನ್ನು ಸಹಿಸುತ್ತಾರೆ. ಗೃಹಸ್ಥನು ಅಣುವ್ರತಿ. ತನ್ನ ಮೈಮೇಲಿನ ಕಚ್ಚನ್ನು ಅವನು ಸಹಿಸಬಹುದು. ಮಗುವಿನ ಪರವಾಗಿ ಸಹಿಸುವ ಅಧಿಕಾರ ಅವನಿಗಿಲ್ಲ. ಅವನಿಗೆ ನಮ್ಮ ಪಂಡಿತರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯ ನಾಲ್ಕು ಭೇದಗಳನ್ನು ಹೇಳಿ, ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಲು ವಿಧಿಸಿದ್ದಾರೆ. ಸೊಳ್ಳೆ ಉಣುಗುಗಳನ್ನು ಕೊಲ್ಲುವುದು ವಿರೋಧೀ ಹಿಂಸೆಯಲ್ಲಿ ಸೇರುತ್ತದೆ, ಆದ್ದರಿಂದ ಅಡ್ಡಿಯಿಲ್ಲ ಎಂದು ಹಲವರು ಸುಲಭವಾಗಿ ತೀರ್ಮಾನಿಸುತ್ತಾರೆ. ನಮಗೆ ಈ ಸುಲಭತೆ ಸಮ್ಮತವಲ್ಲ. ವಿರೋಧವೆಂದರೆ ವೈರಬುದ್ಧಿಯಿಂದ ಎದುರು ಬಂದವನ ವಿಷಯ. ವೈರವೇ ಇಲ್ಲದ ಜೀವಿಯನ್ನು ವೈರಿ ಎಂದು ಕರೆದರೆ ನಮ್ಮ ಕೋಪಕ್ಕೆ ಶಾಸ್ತ್ರದ ಹೊದಿಕೆ ಹೊದಿಸಿದಂತಾಗುತ್ತದೆ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಹರಣವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಲಕ್ಷಣ ಹೇಳಿದೆ. ಆದ್ದರಿಂದ ಯಾವ ಭೇದ ಎಂಬುದಕ್ಕಿಂತ ಮುಂಚೆ ಎಷ್ಟು ಎಚ್ಚರ, ಎಂಥ ಭಾವ ಎಂಬುದನ್ನು ಕೇಳಬೇಕು.

ಎಚ್ಚರಕ್ಕೆ ಒಂದು ಕ್ರಮವಿದೆ. ಮೊದಲನೆಯದು, ಜೀವೋತ್ಪತ್ತಿಗೆ ಎಡೆಗೊಡದಿರುವುದು. ತೊಟ್ಟಿ, ಒಡೆದ ಮಡಕೆ, ತೆಂಗಿನ ಚಿಪ್ಪುಗಳಲ್ಲಿ ನೀರು ನಿಲ್ಲಗೊಡದಿದ್ದರೆ ಅಲ್ಲಿ ಸೊಳ್ಳೆ ಹುಟ್ಟುವುದೇ ಇಲ್ಲ. ಕೊಲ್ಲುವ ಪ್ರಸಂಗವೇ ಬಾರದು. ನೀರನ್ನು ಸೋಸಿ ಕುಡಿಯುವ ಕುಲದಲ್ಲಿ ಹುಟ್ಟಿಯೂ ಹಿತ್ತಲಿನ ನೀರನ್ನು ವಾರಗಟ್ಟಲೆ ಮರೆಯುವುದು ಪ್ರಮಾದವಲ್ಲದೆ ಮತ್ತೇನು? ಎರಡನೆಯದು, ನಡುವೆ ತಡೆ ಒಡ್ಡುವುದು. ಸೊಳ್ಳೆಪರದೆ, ಮೈತುಂಬ ಬಟ್ಟೆ, ಕಾಡಿಗೆ ಹೋಗುವವರಿಗಾಗಿ ಆರೋಗ್ಯ ಇಲಾಖೆಯವರು ಹಂಚುತ್ತ ಬಂದಿರುವ ಡಿ.ಎಂ.ಪಿ. ಎಣ್ಣೆ, ಡೇಪಾ ಎಣ್ಣೆ, ಮರಳಿ ಬಂದೊಡನೆ ಬಿಸಿನೀರಿನ ಸ್ನಾನ, ಇವು ಜೀವಿಯನ್ನು ದೂರವಿಡುವ ಉಪಾಯಗಳು. ಕಾಯಿಲೆಯ ದಿನಗಳಲ್ಲಿ ಸೊಪ್ಪಿನಬೆಟ್ಟದ ತರಗೆಲೆಯನ್ನು ಕೊಟ್ಟಿಗೆಗೆ ತಾರದಿರುವುದೂ ಇದರಲ್ಲಿ ಸೇರುತ್ತದೆ. ಮಂಗನ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ಕೈಬಿಟ್ಟಿರುವುದರಿಂದ ಈ ಎಚ್ಚರಿಕೆಗಳಿಗೆ ಬೆಲೆ ಇನ್ನೂ ಹೆಚ್ಚಿದೆ. ಮೂರನೆಯದು, ಬೇರೆ ದಾರಿಯಿಲ್ಲದಾಗ ಮಾತ್ರ ಕೊಲ್ಲುವ ಉಪಾಯ. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಸುತ್ತ ಹರಡುತ್ತವೆಂದು ಆ ಜಾಗದಲ್ಲಿ ಕೀಟನಾಶಕ ಪುಡಿ ಎರಚುತ್ತಾರೆ. ಊರಿನ ಪ್ರಾಣ ಉಳಿಸಲು ನಡೆಯುವ ಆ ಕೆಲಸಕ್ಕೆ ಶ್ರಾವಕನು ಅಡ್ಡಿ ಬರಕೂಡದು. ಆದರೆ ಅಲ್ಲಿ ಸತ್ತವುಗಳ ಲೆಕ್ಕವನ್ನು ತನ್ನ ಲೆಕ್ಕದಿಂದ ಹೊರಗಿಡಲೂ ಕೂಡದು. ಅದೂ ಹಿಂಸೆಯೇ. ಅದನ್ನು ಹಾಗೆಂದೇ ಕರೆದು ಸಂಜೆಯ ಪ್ರತಿಕ್ರಮಣದಲ್ಲಿ ನೆನೆಯಬೇಕು.

ಈಚೆಗೆ ಇನ್ನೊಂದು ಸೂಕ್ಷ್ಮ ಪ್ರಶ್ನೆ ಎದ್ದಿದೆ. ರಕ್ತದ ಪ್ರೋಟೀನು ಒಡೆದಾಗ ಟೈರೋಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿ ಬಿಡುಗಡೆಯಾಗುತ್ತದೆ. ಆ ಹೆಚ್ಚಳವನ್ನು ಕಳೆಯಲು ರಕ್ತಪಾಯಿಗಳಲ್ಲಿ ಕಿಣ್ವಗಳಿವೆ. ಅವುಗಳಲ್ಲೊಂದನ್ನು ತಡೆದರೆ ಟೈರೋಸಿನ್ ಒಳಗೇ ಕೂಡಿಕೊಂಡು ಜೀವಿ ಸಾಯುತ್ತದೆಂದೂ, ರಕ್ತ ಕುಡಿಯದ ಕೀಟಗಳಿಗೆ ಅದರಿಂದ ಅಪಾಯವಿಲ್ಲವೆಂದೂ 2016ರಲ್ಲಿ ಕಂಡುಬಂದಿತು. ಆ ಕಿಣ್ವವನ್ನು ತಡೆಯುವ ನೈಟಿಸಿನೋನ್ ಎಂಬ ಔಷಧವಾದರೋ ಹೊಸದಲ್ಲ. ಹುಟ್ಟಿನಿಂದಲೇ ಬರುವ ಟೈರೋಸಿನ್ ಸಂಬಂಧದ ಅಪರೂಪದ ರೋಗವುಳ್ಳ ಮಕ್ಕಳಿಗಾಗಿ ಅಮೆರಿಕದಲ್ಲಿ ಅದಕ್ಕೆ 2002ರಲ್ಲಿಯೇ ಅನುಮತಿ ದೊರೆತಿತ್ತು. ಈ ಔಷಧ ಸೇವಿಸುವವರ ರಕ್ತ ಕುಡಿದ ಸೊಳ್ಳೆಗಳು ಸಾಯುತ್ತವೆಂಬುದು 2025ರಲ್ಲಿ ಪ್ರಕಟವಾಯಿತು. ಮಲೇರಿಯ ತಡೆಗೆ ಜನರಿಗೆ ಇದನ್ನು ಕೊಡಬಹುದೇ ಎಂಬ ವಿಚಾರ ವಿಜ್ಞಾನಿಗಳಲ್ಲಿ ನಡೆದಿದೆ.

ಶಂಕೆ: ಔಷಧ ಸೇವಿಸಿದವನು ಸುಮ್ಮನೆ ಮಲಗಿರುತ್ತಾನೆ. ಸೊಳ್ಳೆ ತಾನಾಗಿ ಬಂದು, ತಾನಾಗಿ ಕುಡಿದು, ತನ್ನ ಪಚನದಿಂದಲೇ ಸಾಯುತ್ತದೆ. ಇವನ ಕೈ ಅಲುಗಿಲ್ಲ. ಇವನಿಗೆ ಹಿಂಸೆಯ ದೋಷವುಂಟೇ?

ಸಮಾಧಾನ: ತನ್ನ ರೋಗದ ಚಿಕಿತ್ಸೆಗಾಗಿ ಸೇವಿಸಿದ್ದರೆ, ಸೊಳ್ಳೆಯ ಸಾವು ಅವನ ಉದ್ದೇಶದಲ್ಲಿಲ್ಲ, ಅದು ಬಾಳಿನ ಅನಿವಾರ್ಯ ವ್ಯಾಪಾರಗಳಲ್ಲಿ ಆಗುವ ಜೀವಹಾನಿಯ ಸಾಲಿನದು. ಸೊಳ್ಳೆ ಸಾಯಲೆಂದೇ ಸೇವಿಸಿದ್ದರೆ ಸಂಕಲ್ಪ ಬಂದಾಯಿತು. ಕೈಗೂ ಸಾವಿಗೂ ಇರುವ ದೂರ ಸಂಕಲ್ಪವನ್ನು ಕರಗಿಸುವುದಿಲ್ಲ. ಕೃತ, ಕಾರಿತ, ಅನುಮೋದನ ಎಂದು ಮೂರು ಬಾಗಿಲುಗಳನ್ನು ನಮ್ಮ ಆಚಾರ್ಯರು ತೋರಿಸಿರುವುದು ಇಂಥ ಜಾಣತನವನ್ನು ತಡೆಯುವುದಕ್ಕಾಗಿಯೇ. ಒಂದೇ ಗುಳಿಗೆ, ಒಂದೇ ಸೊಳ್ಳೆಯ ಸಾವು. ಭಾವಭೇದದಿಂದ ಎರಡು ಬಗೆಯ ಬಂಧ.

ಹಾಗೆಂದು ಊರಿನ ಮಕ್ಕಳು ಮಲೇರಿಯದಿಂದ ಸಾಯುತ್ತಿರುವಾಗ ಈ ಔಷಧ ನಿಷಿದ್ಧವೆಂದು ನಾವು ಹೇಳುವುದಿಲ್ಲ. ಬೀದಿಯಲ್ಲಿ ವಿಷದ ಹೊಗೆ ಬಿಟ್ಟರೆ ರಕ್ತ ಕುಡಿಯುವ ಹೆಣ್ಣು ಸೊಳ್ಳೆಯೊಡನೆ ಮಕರಂದ ಕುಡಿಯುವ ಗಂಡೂ, ಜೇನುನೊಣವೂ, ಚಿಟ್ಟೆಯೂ ಸಾಯುತ್ತವೆ. ಇದರಲ್ಲಿ ಕುಡಿಯಲು ಬಂದುದು ಮಾತ್ರ ಸಾಯುತ್ತದೆ. ಹೆಚ್ಚಿನ ಹಿಂಸೆಯನ್ನು ಬಿಟ್ಟು ಕಡಿಮೆಯದನ್ನು ಆರಿಸುವುದು ಗೃಹಸ್ಥನ ವಿವೇಕ. ಆದರೆ ಕಡಿಮೆ ಹಿಂಸೆಗೆ ಅಹಿಂಸೆ ಎಂಬ ಹೆಸರಿಡುವುದು ವಿವೇಕವಲ್ಲ. ಹೆಸರು ಬದಲಾದ ದಿನ ಕಡಿಮೆ ಮಾಡಬೇಕೆಂಬ ಪ್ರಯತ್ನವೂ ನಿಂತುಹೋಗುತ್ತದೆ. ಸೊಳ್ಳೆ ಸತ್ತ ಸದ್ದಿಗೆ ನಗುವ ಮನೆಯ ಮಕ್ಕಳು ಕೋಪವನ್ನೇ ಕಲಿಯುತ್ತಾರೆ. ಪರದೆ ಕಟ್ಟುವ ಮನೆಯ ಮಕ್ಕಳು ಎಚ್ಚರವನ್ನು ಕಲಿಯುತ್ತಾರೆ. ಆರೋಗ್ಯ ಎರಡು ಮನೆಗಳಲ್ಲೂ ಒಂದೇ ಆಗಿರಬಹುದು, ಸಂಸ್ಕಾರ ಒಂದೇ ಆಗಿರದು.

ಆ ಔಷಧದಿಂದ ಸಾಯುವ ಸೊಳ್ಳೆಯಲ್ಲಿ ವ್ರತಿಗಳಿಗೆ ಒಂದು ಪಾಠವೂ ಇದೆ. ಅದನ್ನು ಕೊಂದದ್ದು ವಿಷವಲ್ಲ, ಹಸಿವೂ ಅಲ್ಲ. ಕುಡಿದುದರಲ್ಲಿ ಹೆಚ್ಚಾದುದನ್ನು ಬಿಡಲಾರದೆ ಹೋದದ್ದು. ದೇಹದಲ್ಲಿ ಆ ಬಿಡುವ ಕೆಲಸವನ್ನು ಕಿಣ್ವ ಮಾಡುತ್ತದೆ. ಮನೆಯಲ್ಲಿ, ಮನಸ್ಸಿನಲ್ಲಿ ಅದನ್ನು ಮಾಡಬೇಕಾದುದು ವ್ರತ. ದಶಲಕ್ಷಣದ ಹತ್ತು ದಿನ ಬಿಟ್ಟು, ಪಾರಣೆಯ ದಿನ ಹನ್ನೊಂದು ದಿನದ್ದನ್ನು ಒಟ್ಟಿಗೆ ತುಂಬಿಕೊಳ್ಳುವವನಿಗೆ ಬಿಡುವ ಶಕ್ತಿ ಬಂದಿತೆಂದು ಹೇಗೆ ಹೇಳುವುದು?

ಬರುವ ಪರ್ವದಲ್ಲಿ ಉಪವಾಸದ ನಿಯಮದೊಡನೆ ಪ್ರತಿ ಮನೆಯವರೂ ಈ ಸಣ್ಣ ನಿಯಮಗಳನ್ನೂ ಸ್ವೀಕರಿಸಬಹುದು. ವಾರಕ್ಕೊಮ್ಮೆಯಾದರೂ ಮನೆಯ ಸುತ್ತಲಿನ ನಿಂತ ನೀರನ್ನು ನೋಡುವುದು; ಆದರೆ ಹುಳುವಾಡುವ ತನಕ ಕಾಯದೆ, ಮೊದಲೇ ಬರಿದುಮಾಡಿ ಒಣಗಿಸುವುದು. ಮಕ್ಕಳೂ ವೃದ್ಧರೂ ಪರದೆಯೊಳಗೆ ಮಲಗುವಂತೆ ನೋಡಿಕೊಳ್ಳುವುದು. ಮಲೆನಾಡಿನವರು ಮಂಗ ಸತ್ತುದನ್ನು ಕಂಡರೆ ಮುಟ್ಟದೆ, ಕೂಡಲೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಜ್ವರ ಬಂದರೆ ವ್ರತದ ನೆಪದಿಂದ ಚಿಕಿತ್ಸೆಯನ್ನು ತಡಮಾಡದಿರುವುದು. ಅನಿವಾರ್ಯವಾಗಿ ಜೀವಹಾನಿಯಾದ ದಿನ ಮಿಥ್ಯಾ ಮೇ ದುಷ್ಕೃತಂ ಎಂದು ಮನಃಪೂರ್ವಕವಾಗಿ ನೆನೆಯುವುದು.

ಉಣುಗಿಗೆ ಹಸಿವಿದೆ, ಕಾಯುವ ಶಕ್ತಿಯಿದೆ, ಬೇಡವೆನ್ನುವ ಶಕ್ತಿಯಿಲ್ಲ. ಅನೇಕ ಜನ್ಮಗಳ ಪುಣ್ಯದಿಂದ ಆ ಶಕ್ತಿ ನಮಗೆ ಮನುಷ್ಯಪರ್ಯಾಯದಲ್ಲಿ ದೊರೆತಿದೆ. ಅನ್ನದ ಮುಂದೆ ಅದನ್ನು ಬಳಸಿದಂತೆ ಕೋಪದ ಮುಂದೆಯೂ ಬಳಸಿದಲ್ಲಿ ನಮ್ಮ ಉಪವಾಸಗಳು ಸಾರ್ಥಕವಾದಾವು.